ಸಂಗೀತ ಸಂಯೋಜನೆಯ ಸ್ನಾತಕೋತ್ತರ ಶಾಲೆ: ಸೇರುವ ಮುನ್ನ ಹೋಗಿ ನೋಡುವ ಬಗೆ

ಅಮೆರಿಕದಲ್ಲಿ ಪಾಶ್ಚಾತ್ಯ ಸಂಗೀತ ಸಂಯೋಜನೆ, ಅಂದರೆ ಕಂಪೋಸಿಷನ್, ಓದಬೇಕೆಂದಿರುವವರಿಗೆ ಜಾಲತಾಣದಲ್ಲಿ ಎಲ್ಲ ಶಾಲೆಗಳೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಪ್ರಶಸ್ತಿ ಪಡೆದ ಅಧ್ಯಾಪಕರು, ಮರದ ಹಾಸಿನ ಸಭಾಂಗಣ, ನಗುನಗುತ್ತಾ ಸ್ಕೋರ್ (ಕೃತಿಯ ಸ್ವರಲಿಪಿಯ ಪ್ರತಿ) ನೋಡುತ್ತಿರುವ ವಿದ್ಯಾರ್ಥಿಗಳು. ಅಲ್ಲಿ ಸಿಗದ ಮಾಹಿತಿ ಒಂದಿದೆ: ನೀವು ಬರೆದದ್ದನ್ನು ಅಲ್ಲಿ ಯಾರು ನುಡಿಸುತ್ತಾರೆ, ವರ್ಷಕ್ಕೆ ಎಷ್ಟು ಸಲ, ಎಷ್ಟು ತಾಲೀಮಿನ ನಂತರ. ಸಂಯೋಜನೆ ಕಲಿಯುವುದು ಬರೆದದ್ದನ್ನು ಕಿವಿಯಾರೆ ಕೇಳಿ ತಿದ್ದಿಕೊಳ್ಳುವುದರಿಂದ. ಶಾಲೆಗೆ ಹೋಗಿ ನೋಡುವುದು ಮುಖ್ಯವಾಗಿ ಈ ಒಂದು ಲೆಕ್ಕ ತಿಳಿಯಲು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಯಾವಾಗ, ಮತ್ತು ಹೋಗಲೇಬೇಕೇ

ಭೇಟಿಗೆ ಎರಡು ಹಂಗಾಮುಗಳಿವೆ. ಮೊದಲನೆಯದು ಅರ್ಜಿಗೆ ಮುಂಚೆ, ಸೆಪ್ಟೆಂಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ. ಕನ್ಸರ್ವೇಟರಿಗಳ, ಅಂದರೆ ಸಂಗೀತಕ್ಕೆಂದೇ ಇರುವ ಶಾಲೆಗಳ, ಅರ್ಜಿ ಹೆಚ್ಚಿನ ಕಡೆ ಡಿಸೆಂಬರ್ 1ರ ಆಸುಪಾಸಿನಲ್ಲಿ ಮುಗಿಯುತ್ತದೆ, ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಅರ್ಜಿಗಳಿಗೆ ಡಿಸೆಂಬರ್ ನಡುವಿನಿಂದ ಜನವರಿ ಮೊದಲ ವಾರದವರೆಗೆ ಸಮಯವಿರುತ್ತದೆ. ಎರಡನೆಯ ಹಂಗಾಮು ಸಂದರ್ಶನದ ಕರೆಯೋ ಪ್ರವೇಶದ ಪತ್ರವೋ ಬಂದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ 15ರವರೆಗೆ. ಅಮೆರಿಕದ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ಸಂಸ್ಥೆಗಳು ಧನಸಹಾಯದ ಪ್ರಸ್ತಾವಕ್ಕೆ ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಎಲ್ಲ ಸಂಗೀತ ಶಾಲೆಗಳೂ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ನಿಮ್ಮ ಪತ್ರದಲ್ಲಿರುವ ದಿನಾಂಕವನ್ನೇ ನಂಬಿ.

ಈಗಾಗಲೇ ಅಮೆರಿಕದಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇರುವವರು ಎರಡೂ ಹಂಗಾಮುಗಳನ್ನು ಬಳಸಿಕೊಳ್ಳಬಹುದು. ಬೆಂಗಳೂರು, ಮೈಸೂರು, ಧಾರವಾಡದಿಂದ ಹೊರಡಬೇಕಾದವರು ಮಾತ್ರ ಎರಡು ಸಲ ಯೋಚಿಸಬೇಕು. ಪ್ರವಾಸಿ ವೀಸಾಕ್ಕೆ 185 ಡಾಲರ್ ಶುಲ್ಕ ಕಟ್ಟಿದ ಮೇಲೂ ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ವೀಸಾ ನಿರಾಕರಣೆಯಾದರೆ ಮುಂದೆ ವಿದ್ಯಾರ್ಥಿ ವೀಸಾದ ಡಿಎಸ್-160 ಅರ್ಜಿಯಲ್ಲಿ ಅದನ್ನು ಹೇಳಲೇಬೇಕು. ಬರೀ ಶಾಲೆ ನೋಡಿ ಬರಲು ಈ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಜಾಣತನವಲ್ಲ. ವೀಸಾ ಮೊದಲೇ ಕೈಯಲ್ಲಿದ್ದರೆ, ಅಥವಾ ಅಕ್ಕನದೋ ಅಣ್ಣನದೋ ಮನೆಗೆ ಹೇಗೂ ಹೋಗುವುದಿದ್ದರೆ, ಆ ಪ್ರಯಾಣದಲ್ಲೇ ಶಾಲೆಗಳನ್ನು ಸೇರಿಸಿಕೊಳ್ಳಿ. ವಲಸೆ ಅಧಿಕಾರಿ ಕೇಳಿದರೆ ಶಾಲೆ ನೋಡಲು ಬಂದಿದ್ದೇನೆ ಎಂದು ಇದ್ದದ್ದು ಇದ್ದಂತೆ ಹೇಳಿ. ಪ್ರವಾಸಿ ವೀಸಾದಲ್ಲಿ ನೋಡಬಹುದು, ಸೇರಿ ಓದುವಂತಿಲ್ಲ. ಹೋಗಲಾಗದವರು ಏನು ಮಾಡಬಹುದೆಂಬುದು ಕೊನೆಯ ಭಾಗದಲ್ಲಿದೆ. ಹೋಗದಿರುವುದರಿಂದ ಪ್ರವೇಶದ ಅವಕಾಶ ಕುಗ್ಗುತ್ತದೆಂಬ ಹೆದರಿಕೆ ಬೇಡ. ಆಯ್ಕೆ ನಡೆಯುವುದು ಮುಖ್ಯವಾಗಿ ಸ್ಕೋರ್ ಮತ್ತು ರೆಕಾರ್ಡಿಂಗ್ ಮೇಲೆ.

ವಾರ ಮತ್ತು ದಿನ ಆರಿಸುವುದು

ಖಾಲಿ ಕಟ್ಟಡ ನೋಡಿ ಬಂದವರೇ ಹೆಚ್ಚು. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ವಾರ, ಡಿಸೆಂಬರ್ ಮತ್ತು ಮೇ ತಿಂಗಳ ಪರೀಕ್ಷೆಯ ವಾರಗಳು, ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್, ಇಡೀ ಬೇಸಿಗೆ: ಇವಿಷ್ಟನ್ನು ಬಿಡಿ. ಸ್ಪ್ರಿಂಗ್ ಬ್ರೇಕ್ ಒಂದೊಂದು ಶಾಲೆಗೆ ಒಂದೊಂದು ವಾರ ಬರುತ್ತದೆ, ಹಾಗಾಗಿ ಟಿಕೆಟ್‌ಗೆ ಮುಂಚೆ ಪ್ರತಿ ಶಾಲೆಯ ಶೈಕ್ಷಣಿಕ ಕ್ಯಾಲೆಂಡರ್ ತೆರೆದು ನೋಡಬೇಕು.

ವಾರ ಗೊತ್ತಾದ ಮೇಲೆ ದಿನ. ಬಹುತೇಕ ಪ್ರತಿಯೊಂದು ಶಾಲೆಯಲ್ಲೂ ಸಂಯೋಜನೆಯ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಕೂರುವ ವಾರದ ಸೆಮಿನಾರ್ ಒಂದಿರುತ್ತದೆ. ಕೆಲವೆಡೆ ಅದನ್ನು ಫೋರಂ ಎನ್ನುತ್ತಾರೆ. ನಿಮ್ಮ ಭೇಟಿಯನ್ನು ಆ ದಿನಕ್ಕೆ ಕಟ್ಟಿ. ಅದರ ಹಿಂದಿನ ಅಥವಾ ಮುಂದಿನ ಸಂಜೆ ವಿದ್ಯಾರ್ಥಿಗಳ ಹೊಸ ಕೃತಿಗಳ ಕಛೇರಿಯೂ ಇದ್ದರೆ ಎರಡು ದಿನದಲ್ಲಿ ಬೇಕಾದದ್ದೆಲ್ಲ ಸಿಗುತ್ತದೆ. ಒಂದು ದಿನ ಕಡಿಮೆ, ಮೂರು ದಿನ ಹೆಚ್ಚು. ಅಧ್ಯಾಪಕರ ಸಂಗೀತ ಕಛೇರಿ ನೋಡಲು ಹೋಗಬೇಡಿ, ಅದು ಎಲ್ಲಾದರೂ ಕೇಳಸಿಗುತ್ತದೆ. ವಿದ್ಯಾರ್ಥಿಗಳ ಕೃತಿಗಳ ಕಛೇರಿಯನ್ನು ಆರಿಸಿ.

ಪೂರ್ವ ಕರಾವಳಿಯಲ್ಲಿ ಒಂದು ಅನುಕೂಲವಿದೆ. ಬಾಸ್ಟನ್, ನ್ಯೂ ಹೇವನ್, ನ್ಯೂಯಾರ್ಕ್, ಪ್ರಿನ್ಸ್‌ಟನ್ ಜಂಕ್ಷನ್, ಫಿಲಡೆಲ್ಫಿಯಾ, ಬಾಲ್ಟಿಮೋರ್ ಇವೆಲ್ಲ ಒಂದೇ ರೈಲು ದಾರಿಯ ಮೇಲಿವೆ. ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ, ಯೇಲ್, ಜೂಲಿಯಾರ್ಡ್, ಮ್ಯಾನ್‌ಹ್ಯಾಟನ್ ಸ್ಕೂಲ್ ಆಫ್ ಮ್ಯೂಸಿಕ್, ಕೊಲಂಬಿಯಾ, ಪ್ರಿನ್ಸ್‌ಟನ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, ಪೀಬಡಿ: ಕಾರಿಲ್ಲದೆಯೇ ಹೋಗಿಬರಬಹುದು. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಇಳಿದು 'ಡಿಂಕಿ' ಎಂಬ ಪುಟ್ಟ ರೈಲು ಹಿಡಿದರೆ ಕ್ಯಾಂಪಸ್ಸಿನ ಅಂಚಿಗೆ ಬಿಡುತ್ತದೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್‌ನಿಂದ ನ್ಯೂ ಹೇವನ್‌ಗೆ ಮೆಟ್ರೋ-ನಾರ್ತ್‌ನಲ್ಲಿ ಸುಮಾರು ಎರಡು ಗಂಟೆ. ಹಾಗೆಂದು ಎಂಟನ್ನೂ ಒಂದೇ ವಾರದಲ್ಲಿ ಮುಗಿಸಲು ಹೊರಟರೆ ಕೊನೆಗೆ ಯಾವ ಮಾತು ಯಾವ ಶಾಲೆಯಲ್ಲಿ ಕೇಳಿದ್ದೆಂಬುದೇ ಕಲಸಿಹೋಗುತ್ತದೆ. ವಾರಕ್ಕೆ ಮೂರು ಸಾಕು.

ಒಳನಾಡಿನ ಶಾಲೆಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಪ್ರಯಾಣ ಬೇಕು. ಬ್ಲೂಮಿಂಗ್ಟನ್ನಿನ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಇಳಿದು ಸುಮಾರು 50 ಮೈಲಿ ರಸ್ತೆಯಲ್ಲಿ ಹೋಗಬೇಕು. ಆ್ಯನ್ ಆರ್ಬರ್‌ಗೆ ಡೆಟ್ರಾಯಿಟ್ ವಿಮಾನ ನಿಲ್ದಾಣ ಹತ್ತಿರ. ಆದರೆ ಮಿಶಿಗನ್ನಿನ ಸಂಗೀತ ಶಾಲೆ ಇರುವುದು ನಾರ್ತ್ ಕ್ಯಾಂಪಸ್ಸಿನಲ್ಲಿ. ಊರಿನ ನಡುವಿನ ಕ್ಯಾಂಪಸ್ಸಿನಿಂದ ಬಸ್ ಹಿಡಿಯಬೇಕು. ರಾಚೆಸ್ಟರಿನ ಈಸ್ಟ್‌ಮನ್ ಇದಕ್ಕೆ ತಿರುಗುಮುರುಗು: ಶಾಲೆ ಊರ ನಡುವೆ, ಮುಖ್ಯ ಕ್ಯಾಂಪಸ್ ದೂರ. ಬಾಡಿಗೆ ಮನೆ ಎಲ್ಲಿ ಹಿಡಿಯಬೇಕೆಂಬುದು ಇದರ ಮೇಲೆ ನಿಂತಿದೆ. ರಾತ್ರಿ ಹತ್ತಕ್ಕೆ ತಾಲೀಮು ಮುಗಿಸಿ ಫೆಬ್ರವರಿಯ ಹಿಮದಲ್ಲಿ ಮನೆಗೆ ಹೇಗೆ ಹೋಗುತ್ತೀರಿ ಎಂಬುದನ್ನು ಅಲ್ಲೇ ನಿಂತು ನೋಡಿದರೆ ಸರಿಯಾಗಿ ತಿಳಿಯುತ್ತದೆ.

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡಿಗರಿಗೆ ಸ್ಟ್ಯಾನ್‌ಫರ್ಡ್‌ನ 'ಕರ್ಮ' (CCRMA) ಕೈಗೆಟಕುವ ದೂರದಲ್ಲಿದೆ. 1975ರಲ್ಲಿ ಶುರುವಾದ ಈ ಕಂಪ್ಯೂಟರ್ ಸಂಗೀತ ಕೇಂದ್ರ 'ದಿ ನೋಲ್' ಎಂಬ ಗುಡ್ಡದ ಮೇಲಿನ ಹಳೆಯ ಕಟ್ಟಡದಲ್ಲಿದೆ. ಅಲ್ಲಿಯ ಕಛೇರಿಗಳಿಗೆ ಸಾರ್ವಜನಿಕರೂ ಹೋಗಬಹುದು. ಅರ್ಜಿಯ ಯೋಚನೆ ಹುಟ್ಟುವ ಮೊದಲೇ ನಾಲ್ಕಾರು ಸಲ ಹೋಗಿ ಕೇಳಿದವರಿಗೆ ಇಲೆಕ್ಟ್ರಾನಿಕ್ ಸಂಗೀತ ತಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಯಾರಿಗೆ, ಏನೆಂದು ಬರೆಯಬೇಕು

ಆರರಿಂದ ಎಂಟು ವಾರ ಮುಂಚೆ ಎರಡು ಇಮೇಲ್ ಹೋಗಲಿ. ಒಂದು ಪ್ರವೇಶ ಕಚೇರಿಗೆ: ಸೆಮಿನಾರ್ ಯಾವ ದಿನ, ಹೊರಗಿನವರು ಕೂರಬಹುದೇ, ಆ ವಾರ ಯಾವ ಕಛೇರಿಗಳಿವೆ, ಈಗಿನ ವಿದ್ಯಾರ್ಥಿಯೊಬ್ಬರ ಸಂಪರ್ಕ ಕೊಡಬಹುದೇ. ಇನ್ನೊಂದು ನೀವು ಕಲಿಯಬೇಕೆಂದಿರುವ ಅಧ್ಯಾಪಕರಿಗೆ. ಅದು ಎಂಟು-ಹತ್ತು ಸಾಲು ಮೀರಬಾರದು. ನೀವು ಯಾರು, ಯಾವ ಪದವಿಗೆ ಅರ್ಜಿ ಹಾಕುತ್ತಿದ್ದೀರಿ, ಯಾವ ಎರಡು ದಿನ ಬರುತ್ತೀರಿ, ಒಂದು ಪಾಠ ಕೊಡಲು ಸಾಧ್ಯವೇ. ಕೆಳಗೆ ಎರಡು ಕೃತಿಗಳ ಕೊಂಡಿ, ಪ್ರತಿಯೊಂದಕ್ಕೂ ಅವಧಿ ಮತ್ತು ವಾದ್ಯಗಳ ವಿವರ. ಫೈಲುಗಳನ್ನು ಲಗತ್ತಿಸಬೇಡಿ, ಲಾಗಿನ್ ಕೇಳುವ ಕೊಂಡಿಯನ್ನಂತೂ ಕೊಡಲೇಬೇಡಿ.

ಅವರ ಯಾವುದಾದರೂ ಒಂದು ಕೃತಿಯನ್ನು ನಿಜವಾಗಿಯೂ ಕೇಳಿದ್ದರೆ ಒಂದು ವಾಕ್ಯ ಬರೆಯಿರಿ, ಕೇಳಿಲ್ಲದಿದ್ದರೆ ಹೊಗಳಿಕೆ ಬೇಡ. ಒಂದೇ ಒಕ್ಕಣೆಯನ್ನು ಹೆಸರು ಬದಲಿಸಿ ಐವರಿಗೆ ಕಳಿಸುವ ಚಾಳಿ ನಮ್ಮವರಲ್ಲಿ ಹೆಚ್ಚು. ಆ ಐವರೂ ಅಕ್ಕಪಕ್ಕದ ಕೋಣೆಯವರು, ಮಧ್ಯಾಹ್ನ ಒಟ್ಟಿಗೆ ಊಟ ಮಾಡುವವರು. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಡಿ. ಪರೀಕ್ಷಾರ್ಥ ಪಾಠಕ್ಕೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ, ಆದರೂ ಮುಂಚೆಯೇ ಕೇಳಿಕೊಳ್ಳುವುದು ಮೇಲು. ಅರ್ಜಿಗಳ ಪರಿಶೀಲನೆ ನಡೆಯುವ ತಿಂಗಳುಗಳಲ್ಲಿ ಅಧ್ಯಾಪಕರು ಭೇಟಿಗೆ ಒಪ್ಪದಿರಬಹುದು; ಅದನ್ನು ಅಸಡ್ಡೆ ಎಂದುಕೊಳ್ಳಬೇಡಿ.

ಯೇಲ್‌ನ ಮಟ್ಟಿಗೆ ಒಂದು ಎಚ್ಚರಿಕೆ. ಅಲ್ಲಿ ಸಂಗೀತಕ್ಕೆ ಎರಡು ಬೇರೆಬೇರೆ ಮನೆಗಳಿವೆ. ಸಂಯೋಜನೆ ಇರುವುದು ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ. ಡಿಪಾರ್ಟ್‌ಮೆಂಟ್ ಆಫ್ ಮ್ಯೂಸಿಕ್‌ನ ಪಿಎಚ್‌.ಡಿ. ಸಿದ್ಧಾಂತ, ಇತಿಹಾಸ ಮುಂತಾದವುಗಳಿಗೆ. ತಪ್ಪು ಕಚೇರಿಗೆ ಬರೆದು ತಿಂಗಳು ಕಳೆದುಕೊಳ್ಳಬೇಡಿ. ಪದವಿಯ ಹೆಸರೂ ಊರೂರಿಗೆ ಬೇರೆ. ಜೂಲಿಯಾರ್ಡ್, ಪೀಬಡಿಗಳ ಡಾಕ್ಟರೇಟ್ ಡಿಎಂಎ (ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್), ಪ್ರಿನ್ಸ್‌ಟನ್ನಿನದು ಪಿಎಚ್‌.ಡಿ.; ಕೊಲಂಬಿಯಾ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳಾದರೂ ಸಂಯೋಜಕರಿಗೆ ಕೊಡುವುದು ಡಿಎಂಎ.

ಚೀಲದಲ್ಲಿ ಏನಿರಬೇಕು

ಮೂರು ಕೃತಿ, ಒಟ್ಟು ಇಪ್ಪತ್ತೈದು ನಿಮಿಷ ಮೀರದಂತೆ. ಒಂದು ನಿಜವಾದ ವಾದಕರು ನುಡಿಸಿದ್ದು, ಒಂದು ಹೆಚ್ಚು ವಾದ್ಯಗಳದ್ದು, ಇನ್ನೊಂದು ಅರ್ಧಕ್ಕೆ ನಿಂತಿರುವುದು. ಮೂರನೆಯದನ್ನು ಬಿಡಬೇಡಿ, ಪಾಠಕ್ಕೆ ಅದೇ ಬೇಕಾಗುವುದು.

ಸ್ಕೋರ್ ಅನ್ನು ಕಾಗದದ ಮೇಲೆ ಒಯ್ಯಿರಿ, ಪ್ರತಿಯೊಂದರದ್ದೂ ಎರಡು ಪ್ರತಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಇಬ್ಬರು ಬಗ್ಗಿ ಇಪ್ಪತ್ತು ಸಾಲಿನ ಆರ್ಕೆಸ್ಟ್ರಾ ಸ್ಕೋರ್ ನೋಡುವುದು ಕಷ್ಟ, ಪೆನ್ಸಿಲ್ಲಿನಿಂದ ಗುರುತು ಹಾಕುವುದು ಇನ್ನೂ ಕಷ್ಟ. ನಮ್ಮಲ್ಲಿಯ ಎ4 ಹಾಳೆ 210×297 ಮಿ.ಮೀ., ಅಮೆರಿಕದ ಲೆಟರ್ ಹಾಳೆ 216×279. ಎ4ಗೆ ಹೊಂದಿಸಿದ ಪಿಡಿಎಫ್ ಅನ್ನು ಅಲ್ಲಿಯ ಯಂತ್ರದಲ್ಲಿ ಹಾಗೇ ಮುದ್ರಿಸಿದರೆ ಕೆಳಗಿನ ಸಾಲು ಕತ್ತರಿಸಿಹೋಗುತ್ತದೆ. ಯಂತ್ರ ತಾನೇ ಕುಗ್ಗಿಸಿದರೆ ಸ್ವರಗಳು ಇರುವೆಯಷ್ಟಾಗುತ್ತವೆ. ದೊಡ್ಡ ಸ್ಕೋರ್‌ಗೆ ಎ3 ಬದಲು ಟ್ಯಾಬ್ಲಾಯ್ಡ್, ಅಂದರೆ 279×432. ಊರಲ್ಲೇ ಮುದ್ರಿಸಿ ಒಯ್ಯುವುದಾದರೆ ತೊಂದರೆಯಿಲ್ಲ. ಅಲ್ಲಿ ಮುದ್ರಿಸುವವರು ಪುಟದ ಅಳತೆಯನ್ನು ನೊಟೇಷನ್ ತಂತ್ರಾಂಶದಲ್ಲೇ ಬದಲಿಸಿ, ಪುಟ ತಿರುವುಗಳನ್ನು ಮತ್ತೆ ನೋಡಿಕೊಳ್ಳಬೇಕು.

ಒಂದು ವಾದ್ಯದ ಬಿಡಿ ಪಾರ್ಟ್ ಕೂಡ ಇರಲಿ. ಐದು ಗೆರೆಗಳ ಎತ್ತರ 7ರಿಂದ 8.5 ಮಿ.ಮೀ. ಇದ್ದು, ಪುಟ ತಿರುಗಿಸುವ ಕಡೆ ವಿರಾಮ ಬಂದಿದ್ದರೆ, ನೀವು ವಾದಕರ ಜೊತೆ ಕೆಲಸ ಮಾಡಿದವರೆಂದು ಒಂದು ನೋಟಕ್ಕೆ ತಿಳಿಯುತ್ತದೆ. ಹಳೆಯ ಕೃತಿಗಳು ಫಿನಾಲೆ ಎಂಬ ನೊಟೇಷನ್ ತಂತ್ರಾಂಶದಲ್ಲಿದ್ದರೆ ಈಗಲೇ ಪಿಡಿಎಫ್ ಮತ್ತು ಮ್ಯೂಸಿಕ್‌ಎಕ್ಸ್‌ಎಂಎಲ್ ಆಗಿ ಹೊರತೆಗೆದಿಡಿ. 2024ರ ಆಗಸ್ಟ್‌ನಲ್ಲಿ ಆ ತಂತ್ರಾಂಶದ ಬೆಳವಣಿಗೆ ನಿಲ್ಲಿಸುವುದಾಗಿ ಅದರ ಕಂಪನಿಯೇ ಘೋಷಿಸಿದೆ.

ರೆಕಾರ್ಡಿಂಗ್‌ಗಳು ಫೋನಿನೊಳಗೇ ಇರಬೇಕು. ಅತಿಥಿ ವೈಫೈ ಕೈಕೊಡುತ್ತದೆ, ಬ್ಲೂಟೂತ್ ಇನ್ನೊಬ್ಬರ ಸ್ಪೀಕರ್‌ಗೆ ಹೋಗಿ ಅಂಟಿಕೊಳ್ಳುತ್ತದೆ. 3.5 ಮಿ.ಮೀ. ಅಡಾಪ್ಟರ್, ಒಂದು ಮೀಟರ್ ವೈರು, ಹೆಡ್‌ಫೋನ್, ಒಂದು ಪೆನ್‌ಡ್ರೈವ್: ಈ ನಾಲ್ಕು ಇದ್ದರೆ ಪಾಠದ ಮೊದಲ ಹತ್ತು ನಿಮಿಷ ಹಾಳಾಗುವುದಿಲ್ಲ. ಕಂಪ್ಯೂಟರ್‌ನಿಂದ ಹೊರಟ ಮಿಡಿ ಧ್ವನಿಗಿಂತ ನಾಲ್ಕು ತಪ್ಪು ಸ್ವರವಿರುವ ಜೀವಂತ ರೆಕಾರ್ಡಿಂಗ್ ಮೇಲು.

ಪಾಠದ ಹೊತ್ತಿನಲ್ಲಿ

ಐವತ್ತು ನಿಮಿಷದಿಂದ ಒಂದು ಗಂಟೆ ಸಿಗುತ್ತದೆ. ನಿಮ್ಮ ಪರಿಚಯಕ್ಕೆ ಎರಡು ನಿಮಿಷ ಸಾಕು. ಎಂಟು ನಿಮಿಷದ ಮುಗಿದ ಕೃತಿ ಕೇಳಿಸಿ, ಉಳಿದ ಹೊತ್ತನ್ನು ಅರ್ಧಕ್ಕೆ ನಿಂತಿರುವುದಕ್ಕೆ ಕೊಡಿ. ಎಲ್ಲಿ ಸಿಕ್ಕಿಬಿದ್ದಿದ್ದೀರಿ ಎಂದು ಬೆರಳಿಟ್ಟು ತೋರಿಸಿ: 'ಈ ಅಳತೆಯಿಂದ (ಬಾರ್) ಮುಂದಕ್ಕೆ ವೇಗ ಸತ್ತುಹೋಗಿದೆ, ಯಾಕೆಂದು ತಿಳಿಯುತ್ತಿಲ್ಲ.' ಮುಗಿದ ಕೃತಿಯನ್ನೇ ಮುಂದಿಟ್ಟರೆ ಮೆಚ್ಚುಗೆಯ ನಾಲ್ಕು ಮಾತು ಸಿಕ್ಕೀತು, ಅವರು ಹೇಗೆ ಕಲಿಸುತ್ತಾರೆಂದು ತಿಳಿಯುವುದಿಲ್ಲ.

ಆಮೇಲೆ ನೀವು ಗಮನಿಸಬೇಕು. ಅವರು ಮೊದಲು 'ನಿಮಗೇನು ಬೇಕಿತ್ತು' ಎಂದು ಕೇಳುತ್ತಾರೋ, ಅಥವಾ ನೇರ ತಮಗೆ ಬೇಕಾದಂತೆ ತಿದ್ದತೊಡಗುತ್ತಾರೋ? ಮಾತು ಸ್ಕೋರಿನ ಮೇಲೆ ನಿಲ್ಲುತ್ತದೋ, ಸಂಗೀತ ಲೋಕದಲ್ಲಿ ಯಾರು ಯಾರಿಗೆ ಗೊತ್ತು ಎಂಬಲ್ಲಿಗೆ ಜಾರುತ್ತದೋ? ವಾದ್ಯದ ಕಷ್ಟಗಳನ್ನು, ಉದಾಹರಣೆಗೆ ಆ ಎತ್ತರದಲ್ಲಿ ಓಬೋ ಅಷ್ಟು ಮೆಲ್ಲಗೆ ನುಡಿಯದು ಎಂಬಂಥದ್ದನ್ನು, ಎತ್ತಿ ತೋರಿಸುತ್ತಾರೋ? ಒರಟಾಗಿ ಮಾತಾಡಿದರೆಂಬ ಒಂದೇ ಕಾರಣಕ್ಕೆ ಕೆಟ್ಟ ಗುರು ಅನ್ನಬೇಡಿ. ಎಲ್ಲವೂ ಸೊಗಸಾಗಿದೆ ಎಂದು ಬೆನ್ನು ತಟ್ಟಿ ಕಳಿಸುವವರ ಬಗ್ಗೆಯೇ ಹೆಚ್ಚು ಅನುಮಾನವಿರಲಿ. ನಿಮ್ಮ ಕೃತಿಯನ್ನು ಸಮರ್ಥಿಸಿಕೊಳ್ಳುತ್ತಾ ಕೂರಬೇಡಿ, ಬರೆದುಕೊಳ್ಳಿ. ಕೇಳದೆ ಧ್ವನಿ ಮುದ್ರಿಸಬೇಡಿ.

ಹೊರಡುವ ಮುನ್ನ ಮೂರು ಪ್ರಶ್ನೆ. ಮುಂದಿನ ಎರಡು ವರ್ಷದಲ್ಲಿ ಸಬ್ಯಾಟಿಕಲ್ ರಜೆಯೋ ನಿವೃತ್ತಿಯೋ ಇದೆಯೇ? ಗುರುವನ್ನು ವಿದ್ಯಾರ್ಥಿ ಆರಿಸುತ್ತಾನೋ, ಶಾಲೆ ಹಂಚುತ್ತದೋ, ಸೆಮಿಸ್ಟರ್‌ಗೊಮ್ಮೆ ಬದಲಾಗುತ್ತದೋ? ಈ ವರ್ಷ ನಿಮ್ಮ ಹತ್ತಿರ ಎಷ್ಟು ಜಾಗ ತೆರವಾಗುತ್ತದೆ? ಎರಡು ವರ್ಷದ ಮಾಸ್ಟರ್ಸ್‌ನಲ್ಲಿ ಒಂದು ವರ್ಷ ಗುರು ರಜೆಯಲ್ಲಿದ್ದರೆ ಅರ್ಧ ಕೋರ್ಸ್ ಹೋದಂತೆಯೇ.

ವಿದ್ಯಾರ್ಥಿಗಳ ಬಳಿ ಕೇಳಬೇಕಾದದ್ದು

ಭೇಟಿಯ ತಿರುಳು ಇಲ್ಲಿದೆ. ಅಧ್ಯಾಪಕರಿಲ್ಲದ ಹೊತ್ತಿನಲ್ಲಿ ಕನಿಷ್ಠ ಮೂವರನ್ನು ಕಾಫಿಗೆ ಕರೆಯಿರಿ. ಪ್ರವೇಶ ಕಚೇರಿ ಗೊತ್ತುಮಾಡಿ ಕಳಿಸಿದವರೊಬ್ಬರೇ ಆದರೆ ಸಾಲದು. 'ಶಾಲೆ ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರವೇ ಬರುತ್ತದೆ. ಲೆಕ್ಕ ಕೇಳಿ. ಕಳೆದ ವರ್ಷ ನಿಮ್ಮ ಸಂಗೀತ ಎಷ್ಟು ನಿಮಿಷ ವೇದಿಕೆಯ ಮೇಲೆ ನುಡಿಯಿತು? ಯಾರು ನುಡಿಸಿದರು? ಕೈಗೆ ಎಷ್ಟು ಒಳ್ಳೆಯ ರೆಕಾರ್ಡಿಂಗ್ ಬಂತು? ಸೆಮಿಸ್ಟರಿನ ಹದಿನಾಲ್ಕು-ಹದಿನೈದು ವಾರಗಳಲ್ಲಿ ಎಷ್ಟು ಪಾಠ ನಿಜವಾಗಿ ನಡೆದವು?

'ಆರ್ಕೆಸ್ಟ್ರಾ ರೀಡಿಂಗ್ ಇದೆ' ಎಂದು ಬಹಳ ಶಾಲೆಗಳು ಹೇಳಿಕೊಳ್ಳುತ್ತವೆ. ವಿದ್ಯಾರ್ಥಿಗಳ ಕೃತಿಗಳನ್ನು ಆರ್ಕೆಸ್ಟ್ರಾ ಓದಿ ನುಡಿಸುವುದು ಎಂದರ್ಥ. ಅದನ್ನು ಬಿಡಿಸಿ ನೋಡಿ. ಎರಡೂವರೆ ಗಂಟೆಯ ತಾಲೀಮಿನಲ್ಲಿ ಇಪ್ಪತ್ತು ನಿಮಿಷ ವಿರಾಮ ಕಳೆದರೆ ಉಳಿಯುವುದು 130 ನಿಮಿಷ. ಎಂಟು ಜನರ ಕೃತಿಗಳಿದ್ದರೆ ಒಬ್ಬರಿಗೆ ಹದಿನಾರು. ಕುರ್ಚಿ, ತಾಳವಾದ್ಯ ಸರಿಸುವ ಹೊತ್ತು ತೆಗೆದರೆ ಹನ್ನೆರಡು. ಹತ್ತು ನಿಮಿಷದ ಕೃತಿಯನ್ನು ಒಂದು ಸಲ ಎಡವುತ್ತಾ ಓದಿದರೆ ಮುಗಿಯಿತು. ಅದೇ ನಾಲ್ಕೇ ಕೃತಿಗಳಿಗೆ ಎರಡು ತಾಲೀಮು ಕೊಡುವ ಶಾಲೆಯಲ್ಲಿ ತಪ್ಪು ತಿದ್ದಿಕೊಂಡು ಎರಡನೇ ಸಲ ಕೇಳಬಹುದು. ಹೆಸರು ಎರಡು ಕಡೆಯೂ ರೀಡಿಂಗೇ.

ನುಡಿಸುವವರು ಯಾರೆಂಬುದೂ ಅಷ್ಟೇ ಮುಖ್ಯ. ಹೊಸ ಸಂಗೀತಕ್ಕೆಂದೇ ಶಾಲೆಯ ವಾದ್ಯವೃಂದವಿದ್ದು ಅದು ವಾದಕರ ಪಠ್ಯದ ಭಾಗವಾಗಿದ್ದರೆ ವಾದಕರು ತಾಲೀಮಿಗೆ ಬಂದೇ ಬರುತ್ತಾರೆ. ಈಸ್ಟ್‌ಮನ್ನಿನ ಮ್ಯೂಸಿಕಾ ನೋವಾ, ಇಂಡಿಯಾನಾದ ನ್ಯೂ ಮ್ಯೂಸಿಕ್ ಎನ್ಸೆಂಬಲ್ ಹೊಸ ಸಂಗೀತಕ್ಕೆಂದೇ ಇರುವ ವೃಂದಗಳು. ಇಂಥದ್ದಿಲ್ಲದ ಕಡೆ ಗೆಳೆಯರನ್ನು ಕಾಡಿ ಬೇಡಿ ಪಿಜ್ಜಾ ಕೊಡಿಸಿ ನುಡಿಸಬೇಕಾಗುತ್ತದೆ. ಅದೂ ಒಂದು ವಿದ್ಯೆಯೇ, ಆದರೆ ಹೊತ್ತು ತಿನ್ನುತ್ತದೆ. ಪ್ರಿನ್ಸ್‌ಟನ್ನಿನ ರೀತಿ ಬೇರೆ: ಅಲ್ಲಿ ವಾದಕರ ದಂಡಿಲ್ಲ, ಬದಲಿಗೆ ಸೋ ಪರ್ಕಷನ್‌ನಂಥ ವೃತ್ತಿಪರ ತಂಡ ನೆಲೆನಿಂತಿದೆ. ತಾಳವಾದ್ಯದಲ್ಲಿ ಆಸಕ್ತಿಯಿರುವವರಿಗೆ ಅದು ಭಾಗ್ಯ. ದೊಡ್ಡ ಆರ್ಕೆಸ್ಟ್ರಾಕ್ಕೇ ಬರೆಯಬೇಕೆಂಬ ಹಂಬಲವಿದ್ದರೆ ಹಲವು ಆರ್ಕೆಸ್ಟ್ರಾಗಳಿರುವ ಇಂಡಿಯಾನಾದಂಥ ಶಾಲೆಯ ಕಡೆ ನೋಡಬೇಕು.

ಸಂಜೆಯ ಕಛೇರಿಯಲ್ಲಿ ಕೃತಿಗಳೆಲ್ಲ ಒಬ್ಬರೇ ಬರೆದಂತೆ ಕೇಳುತ್ತವೆಯೇ ನೋಡಿ. ಹಾಗಿದ್ದರೆ ಗುರುವಿನ ನೆರಳು ದಟ್ಟವಾಗಿದೆ ಎಂದರ್ಥ. ಸೆಮಿನಾರಿನಲ್ಲಿ ಯಾರು ಮಾತಾಡುತ್ತಾರೆ, ಹೊಸಬರ ಕೃತಿಗೆ ಪ್ರಶ್ನೆ ಬರುತ್ತದೋ ತೀರ್ಪು ಬರುತ್ತದೋ ಗಮನಿಸಿ. ಹೋದ ವರ್ಷ ಮುಗಿಸಿದವರು ಈಗೇನು ಮಾಡುತ್ತಿದ್ದಾರೆ, ನಡುವೆ ಬಿಟ್ಟುಹೋದವರು ಯಾಕೆ ಬಿಟ್ಟರು ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಮೂವರೂ ಮುಖ ಮುಖ ನೋಡಿಕೊಂಡರೆ ಅದೇ ಉತ್ತರ.

ಕಟ್ಟಡಕ್ಕೆ ಒಂದು ಗಂಟೆ ಸಾಕು. ಅಭ್ಯಾಸದ ಕೋಣೆಗಳಲ್ಲಿಯ ಪಿಯಾನೋ ಶ್ರುತಿಯಲ್ಲಿದೆಯೇ, ಇಲೆಕ್ಟ್ರಾನಿಕ್ ಸ್ಟುಡಿಯೊಗೆ ರಾತ್ರಿಯೂ ಪ್ರವೇಶವಿದೆಯೇ, ಎಷ್ಟು ಸ್ಪೀಕರ್‌ಗಳು, ವಾರಕ್ಕೆ ಒಬ್ಬರಿಗೆ ಎಷ್ಟು ಗಂಟೆ. ಗ್ರಂಥಾಲಯದಲ್ಲಿ ಕಳೆದ ಇಪ್ಪತ್ತು ವರ್ಷದ ಸ್ಕೋರ್‌ಗಳ ಕಪಾಟು ನೋಡಿ. ಈಸ್ಟ್‌ಮನ್ನಿನ ಸಿಬ್ಲಿ ಗ್ರಂಥಾಲಯಕ್ಕೆ ಹೋದವರು ಮಾತ್ರ ಒಂದು ಗಂಟೆ ಎಂಬ ಮಾತನ್ನು ಮರೆಯಬಹುದು.

ಕರ್ನಾಟಕದಿಂದ ಬರುವವರು ವಿಶೇಷವಾಗಿ ಕೇಳಬೇಕಾದವು

ಎಂಜಿನಿಯರಿಂಗ್ ಪದವಿ, ಜೊತೆಗೆ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂನ ಎಂಟನೇ ಗ್ರೇಡ್ (ಬ್ರಿಟನ್ನಿನ ಸಂಗೀತ ಪರೀಕ್ಷೆಗಳು), ಇತ್ತ ಕರ್ನಾಟಕ ಸಂಗೀತದ ಹಲವು ವರ್ಷದ ಪಾಠ: ಇದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಹಿನ್ನೆಲೆ. ಗ್ರೇಡ್ ಪರೀಕ್ಷೆಗಳು ಸಂಗೀತ ಪದವಿಗೆ ಸಮವಲ್ಲ. ಸಂಗೀತೇತರ ಪದವಿ ನಡೆಯುತ್ತದೆಯೇ ಎಂದು ಪ್ರವೇಶ ಕಚೇರಿಯಿಂದ ಬರಹದಲ್ಲೇ ಪಡೆಯಿರಿ. ಅಧ್ಯಾಪಕರ ಬಾಯಿಮಾತು ಸಾಲದು. ಮೂರು ವರ್ಷದ ಬಿ.ಎ., ಬಿ.ಮ್ಯೂಸ್. ಮಾಡಿದವರು ನಾಲ್ಕು ವರ್ಷದ ಪದವಿಯೇ ಬೇಕೇ ಎಂದು ಕೇಳಬೇಕು.

ಸೇರಿದ ವಾರವೇ ಸಿದ್ಧಾಂತ, ಇತಿಹಾಸ, ಕಿವಿಯ (ಸ್ವರ ಗುರುತಿಸುವ, ನೋಡಿ ಹಾಡುವ) ಪರೀಕ್ಷೆಗಳಿರುತ್ತವೆ. ಅವುಗಳಲ್ಲಿ ಬಿದ್ದರೆ ಪೂರಕ ತರಗತಿ ತೆಗೆದುಕೊಳ್ಳಬೇಕು; ಅದರ ಕ್ರೆಡಿಟ್ ಸಾಮಾನ್ಯವಾಗಿ ಪದವಿಗೆ ಸೇರುವುದಿಲ್ಲ, ಶುಲ್ಕ ಮತ್ತು ಹೊತ್ತು ಮಾತ್ರ ಸೇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಯ ಮಾದರಿ ಇದೆಯೇ ಕೇಳಿ. ಕಿವಿಯ ಪರೀಕ್ಷೆಯಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ನಮ್ಮ ಷಡ್ಜ ಎಲ್ಲಿ ಬೇಕಾದರೂ ಕೂರುತ್ತದೆ, ಒಂದು ಮನೆಯಾದರೂ ಸರಿ ಐದು ಮನೆಯಾದರೂ ಸರಿ. ಹಾಗೇ ರಿಷಭ ಯಾವುದಾದರೂ ಹಾಡುವುದು 'ರಿ' ಎಂದೇ. ಅಲ್ಲಿಯ ಸರಿಗಮ ಎಂದರೆ ಡೋ-ರೆ-ಮಿ. ಅದರ ಚಲಿಸುವ 'ಡೋ' ಪದ್ಧತಿಯಲ್ಲಿ ಆಧಾರ ಸ್ವರ ನಮ್ಮಂತೆ ಸರಿಯುತ್ತದೆ, ಆದರೆ ಕೋಮಲ-ತೀವ್ರಕ್ಕೆ ಅಕ್ಷರ ಬದಲಾಗುತ್ತದೆ. ಸ್ಥಿರ 'ಡೋ' ಪದ್ಧತಿಯಲ್ಲಿ ಅಕ್ಷರ ಬದಲಾಗುವುದಿಲ್ಲ, 'ಡೋ' ಮಾತ್ರ ಯಾವಾಗಲೂ ಪಿಯಾನೋದ ಸಿ ಸ್ವರ. ಆ ಶಾಲೆಯದು ಯಾವುದೆಂದು ಭೇಟಿಯಲ್ಲೇ ತಿಳಿದರೆ ಆರು ತಿಂಗಳ ಅಭ್ಯಾಸಕ್ಕೆ ಕಾಲವಿರುತ್ತದೆ.

ನಿಮ್ಮ ಸಂಗೀತದಲ್ಲಿ ರಾಗ, ಗಮಕದ ಎಳೆಯಿದ್ದರೆ ಅದನ್ನು ಪಿಟೀಲು ವಾದಕರು ಓದುವಂತೆ ಬರೆದ ಒಂದು ಪುಟ ಕೈಯಲ್ಲಿರಲಿ, ನೀವೇ ಹಾಡಿ ತೋರಿಸಲೂ ಸಿದ್ಧರಿರಿ. ಅಧ್ಯಾಪಕರ ಪ್ರಶ್ನೆ ಆಂದೋಲನವನ್ನು ಗೆರೆಯಲ್ಲಿ ಹೇಗೆ ಹಿಡಿದಿರಿ ಎಂಬುದರ ಕಡೆ ಹೋದರೆ ಒಳ್ಳೆಯದು. 'ಎಷ್ಟು ಭಾರತೀಯವಾಗಿದೆ' ಎಂಬಲ್ಲಿಗೇ ಮಾತು ನಿಂತರೆ, ಮುಂದಿನ ಎರಡು ವರ್ಷ ನೀವು ಏನು ಬರೆದರೂ ಅದೇ ಮಾತು ಕೇಳಬೇಕಾಗಬಹುದು. ಜೂಲಿಯಾರ್ಡ್ ಮತ್ತು ಯೇಲ್‌ನಲ್ಲಿ ಓದಿದ ರೀನಾ ಇಸ್ಮಾಯಿಲ್ ಹಿಂದೂಸ್ತಾನಿ ಮತ್ತು ಪಾಶ್ಚಾತ್ಯ ಸಂಗೀತದ ನಡುವೆ ಕೆಲಸ ಮಾಡುತ್ತಿರುವುದರಿಂದ ಈ ದಾರಿ ಈಗ ಅಧ್ಯಾಪಕರಿಗೆ ಅಪರಿಚಿತವೇನಲ್ಲ.

ಹಣದ ಮಾತು

ಸಂಕೋಚ ಬೇಡ, ಅಲ್ಲಿ ಇದನ್ನು ಎಲ್ಲರೂ ಕೇಳುತ್ತಾರೆ. ಯೇಲ್ ಸ್ಕೂಲ್ ಆಫ್ ಮ್ಯೂಸಿಕ್ 2005ರಲ್ಲಿ ಹತ್ತು ಕೋಟಿ ಡಾಲರ್ ದತ್ತಿ ಪಡೆದಾಗಿನಿಂದ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಪ್ರಶ್ನೆ ಊಟ, ಬಾಡಿಗೆಯದು ಮಾತ್ರ. ಬೇರೆ ಕಡೆ 'ಪೂರ್ಣ ಸಹಾಯ' ಎಂದರೆ ಏನೇನು ಎಂದು ಒಂದೊಂದಾಗಿ ಬಿಡಿಸಿ ಕೇಳಿ: ಶುಲ್ಕ ಮನ್ನಾ, ಸ್ಟೈಪೆಂಡ್, ಆರೋಗ್ಯ ವಿಮೆ, ವಿದ್ಯಾರ್ಥಿ ಫೀಸು, ಬೇಸಿಗೆ ತಿಂಗಳು. ಸ್ಟೈಪೆಂಡ್ ಒಂಬತ್ತು ತಿಂಗಳದ್ದಾದರೆ ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಬಾಡಿಗೆಯ ಜೊತೆ ಹೋಲಿಸಿ. ಟೀಚಿಂಗ್ ಅಸಿಸ್ಟೆಂಟ್ ಕೆಲಸದಲ್ಲಿ ಕಲಿಸಬೇಕಾದದ್ದು ಬಹುಮಟ್ಟಿಗೆ ಮೊದಲ ವರ್ಷದವರಿಗೆ ಹಾರ್ಮನಿ, ಕಿವಿಯ ಪಾಠ. ವಿದೇಶಿಗರಿಗೆ ಅದಕ್ಕಾಗಿ ಮಾತಿನ ಇಂಗ್ಲಿಷ್ ಪರೀಕ್ಷೆ ಬೇರೆ ಇರಬಹುದು.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸಕ್ಕೆ ಮಾತ್ರ ಅವಕಾಶ. ಅಲ್ಲಿ ಕೂತು ಗಾಂಧಿನಗರದ ಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಿ ಸಂಭಾವನೆ ಪಡೆಯುತ್ತೇನೆ ಎಂದುಕೊಂಡವರು ಮೊದಲು ಶಾಲೆಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಬೇಕು. ಅನುಮತಿಯಿಲ್ಲದ ಕೆಲಸವೆಂದಾದರೆ ವೀಸಾಕ್ಕೇ ಕುತ್ತು. ಓದು ಮುಗಿದ ಮೇಲೆ ಹನ್ನೆರಡು ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ, ಸಿಗುತ್ತದೆ. ಕಂಪ್ಯೂಟರ್ ಓದಿದವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಸಂಯೋಜನೆಯವರಿಗಿಲ್ಲ.

ಹೋಗಲಾಗದಿದ್ದರೆ

ವಿಡಿಯೊ ಕರೆಯಲ್ಲಿ ಪಾಠ ಕೇಳಿ. ಅಲ್ಲಿ ಬೆಳಿಗ್ಗೆ ಹತ್ತಾದರೆ ಇಲ್ಲಿ, ಪೂರ್ವ ಕರಾವಳಿಯ ಲೆಕ್ಕಕ್ಕೆ, ಬೇಸಿಗೆ ಸಮಯದಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅಲ್ಲಿಯ ಗಡಿಯಾರ ಬದಲಾಗುತ್ತದೆ. ಕೆಲವು ಸಂದರ್ಶನಗಳು ಸರಿಯಾಗಿ ಆ ಮಾರ್ಚ್ ತಿಂಗಳಲ್ಲೇ ಬರುವುದರಿಂದ ಒಂದು ಗಂಟೆ ತಪ್ಪಿಸಿಕೊಂಡವರಿದ್ದಾರೆ. ಸ್ಕೋರ್ ಪಿಡಿಎಫ್ ಅನ್ನು ಹಿಂದಿನ ದಿನವೇ ಕಳಿಸಿ, ಬಾರ್ ಸಂಖ್ಯೆಗಳಿರಲಿ. ಕರೆಯಲ್ಲಿ ಸಂಗೀತ ಕೇಳಿಸಬೇಡಿ, ಮಾತಿಗೆಂದು ಮಾಡಿದ ತಂತ್ರಾಂಶ ಮೆಲ್ಲಗಿನ ಸ್ವರಗಳನ್ನು ಗದ್ದಲವೆಂದು ಅಳಿಸಿಬಿಡುತ್ತದೆ. ಕೊಂಡಿ ಕೊಟ್ಟು ಅವರೇ ಕೇಳಲಿ. ಶಾಲೆಯ ವಿದ್ಯಾರ್ಥಿ ಕಛೇರಿಗಳ ನೇರ ಪ್ರಸಾರವಿದ್ದರೆ ಒಂದು ಸೆಮಿಸ್ಟರಿನಲ್ಲಿ ನಾಲ್ಕನ್ನು ನೋಡಿ, ಕಾರ್ಯಕ್ರಮ ಪಟ್ಟಿಯಲ್ಲಿ ಸಂಯೋಜಕರ ಹೆಸರು ಗುರುತಿಸಿಕೊಂಡು ಅವರಿಗೇ ಬರೆಯಿರಿ. ಮೇಲೆ ಹೇಳಿದ ನಿಮಿಷದ ಲೆಕ್ಕ ಫೋನಿನಲ್ಲೂ ಸಿಗುತ್ತದೆ.

ಬಂದ ಮೇಲೆ

ಆ ರಾತ್ರಿಯೇ ಒಂದು ಪುಟ ಬರೆದಿಡಿ: ಪಾಠದಲ್ಲಿ ಬಂದ ಮೂರು ಸಲಹೆ, ವಿದ್ಯಾರ್ಥಿಗಳು ಕೊಟ್ಟ ಅಂಕಿಗಳು, ಬಾಡಿಗೆ, ಬಗೆಹರಿಯದ ಪ್ರಶ್ನೆಗಳು. ಮರುದಿನ ಅಧ್ಯಾಪಕರಿಗೆ ಎರಡು ಸಾಲಿನ ಧನ್ಯವಾದ, ವಿದ್ಯಾರ್ಥಿಗಳಿಗೂ ಒಂದು. ಪಾಠದಲ್ಲಿ ಸಿಕ್ಕ ಸಲಹೆಯಂತೆ ಆ ಅರ್ಧ ಕೃತಿಯನ್ನು ಒಂದು ತಿಂಗಳು ಮುಂದುವರಿಸಿ ನೋಡಿ. ಯಾವ ಗುರುವಿನ ಮಾತು ಕೆಲಸಕ್ಕೆ ಬಂತೆಂದು ಆಗ ಗೊತ್ತಾಗುತ್ತದೆ. ಎರಡು ಶಾಲೆಗಳಿಂದ ಪ್ರವೇಶ ಬಂದಿದ್ದು ಒಂದರ ಹಣ ಕಡಿಮೆಯಿದ್ದರೆ, ಇನ್ನೊಂದರ ಪತ್ರದ ವಿವರ ಕೊಟ್ಟು ಹೆಚ್ಚಿಸಲು ಸಾಧ್ಯವೇ ಎಂದು ಮಾರ್ಚ್ ಕೊನೆಯೊಳಗೆ ವಿನಯದಿಂದ ಕೇಳಿ. ಏಪ್ರಿಲ್ 14ರ ರಾತ್ರಿ ಕೇಳಿದರೆ ಕೊಡಲು ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬೇಡವೆಂದು ತೀರ್ಮಾನಿಸಿದ ಶಾಲೆಗೆ ಅಂದೇ ತಿಳಿಸಿಬಿಡಿ, ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರಿರುತ್ತಾರೆ.